ಹಳೇ ಕಾರಲ್ಲಿ ಬ್ರೇಕ್ ವಾರ್ನಿಂಗ್ ಲೈಟ್ ಬಂದು ಬಂದು ಹೋಗ್ತಿದ್ರೆ ಎಲ್ಲಿಂದ ಹುಡುಕ್ಬೇಕು

ಮೀಟರಲ್ಲಿ ಕೆಂಪು ಬ್ರೇಕ್ ಲೈಟ್ ಬರುತ್ತೆ, ಸ್ವಲ್ಪ ದೂರ ಹೋಗೋಷ್ಟರಲ್ಲಿ ತಾನಾಗೇ ಆರಿ ಹೋಗುತ್ತೆ, ಗ್ಯಾರೇಜಿಗೆ ತಗೊಂಡು ಹೋದ್ರೆ ಅಲ್ಲಿ ಬರೋದೇ ಇಲ್ಲ. ಹಳೇ ಕಾರ್ ಇಟ್ಕೊಂಡಿರೋರಿಗೆ ಒಂದಲ್ಲ ಒಂದಿನ ಈ ತಲೆನೋವು ಗಂಟು ಬೀಳುತ್ತೆ. ಸೆನ್ಸರ್ ಹೋಗಿರ್ಬೇಕು ಬಿಡು ಅಂತ ಸುಮ್ನೆ ಓಡಿಸ್ಬೇಡಿ, ಹಾಗಂತ ಗಾಬರಿಬಿದ್ದು ಪಾರ್ಟ್ ಮೇಲೆ ಪಾರ್ಟ್ ಹಾಕ್ಸೋಕೂ ಹೋಗ್ಬೇಡಿ. ಲೈಟ್ ಯಾವ ಹೊತ್ತಲ್ಲಿ ಬರುತ್ತೆ ಅನ್ನೋದನ್ನ ಸರಿಯಾಗಿ ಗಮನಿಸಿದ್ರೆ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತೆ.

ಎಲ್ಲಕ್ಕಿಂತ ಮೊದ್ಲು ಪೆಡಲ್ ನೋಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಸಿ, ಇಂಜಿನ್ ಆನ್ ಇಟ್ಟು, ಪೆಡಲ್ ಒಂದೇ ಸಮ ಒತ್ತಿ ಅರ್ಧ ನಿಮಿಷ ಹಾಗೇ ಹಿಡ್ಕೊಳ್ಳಿ. ಗಟ್ಟಿಯಾಗಿ ನಿಂತ್ರೆ ಸರಿ. ಕಾಲಿನ ಕೆಳಗೆ ಮೆಲ್ಲಗೆ ಇಳೀತಾ ಹೋದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡೋ ಭಾಗ) ಒಳಗಿನ ಸೀಲ್ ಹೋಗಿರ್ಬಹುದು ಇಲ್ಲಾ ಎಲ್ಲೋ ಲೀಕ್ ಇದೆ, ಸ್ಪಂಜ್ ಥರ ಮೆತ್ತಗೆ ಅನ್ಸಿದ್ರೆ ಲೈನಲ್ಲಿ ಗಾಳಿ ಸೇರಿರ್ಬಹುದು. ಇವೆರಡರಲ್ಲಿ ಯಾವುದಿದ್ರೂ ಗಾಡಿ ಓಡಿಸೋದು ಬೇಡ, ಹತ್ರದಲ್ಲೇ ಇದೆ ಗ್ಯಾರೇಜ್ ಅಂದ್ರೂ ಬೇಡ, ಟೋ ಮಾಡ್ಸಿ. ಪೆಡಲ್ ಗಟ್ಟಿ ಇದ್ರೆ ಮಾತ್ರ ಮುಂದಿನದೆಲ್ಲ ನೀವೇ ನೋಡ್ಬಹುದು.

ಹೆಚ್ಚಿನ ಹಳೇ ಕಾರುಗಳಲ್ಲಿ ಈ ವೈರಿಂಗ್ ತುಂಬಾ ಸಿಂಪಲ್. ಬಲ್ಬ್ ಒಂದೇ, ಅದಕ್ಕೆ ಸ್ವಿಚ್ ಎರಡೋ ಮೂರೋ: ಹ್ಯಾಂಡ್‌ಬ್ರೇಕ್ ಹತ್ರ ಒಂದು, ಬ್ರೇಕ್ ಆಯಿಲ್ ಡಬ್ಬೀಲಿ ಒಂದು, ಕೆಲವು ಗಾಡೀಲಿ ಬ್ರೇಕ್ ಪ್ಯಾಡ್ ಸವೆದಿದ್ದು ಹೇಳೋಕೆ ಇನ್ನೊಂದು. ಯಾವ ಸ್ವಿಚ್ ಗಾಡಿಯ ಲೋಹದ ಮೈಗೆ ಅರ್ತ್ ಕೊಟ್ರೂ ಅದೇ ಲೈಟ್ ಬರುತ್ತೆ, ಆ ವೈರ್ ಎಲ್ಲಾದ್ರೂ ಸಿಪ್ಪೆ ಸುಲಿದು ಆ ಲೋಹಕ್ಕೆ ತಾಗಿದ್ರೂ ಬರುತ್ತೆ, ಅದಕ್ಕೇ ಇಷ್ಟು ಗೊಂದಲ.

ಈಗ ಯಾವಾಗ ಬರುತ್ತೆ ನೋಡಿ. ತಿರುವಲ್ಲಿ, ಜೋರಾಗಿ ಬ್ರೇಕ್ ಹೊಡೆದಾಗ, ಏರು ಇಳಿಜಾರಲ್ಲಿ ಬಂದು ಸಮ ರಸ್ತೇಲಿ ಆರಿದ್ರೆ ಆಯಿಲ್ ಕಮ್ಮಿ ಆಗಿ ಮಿನಿಮಮ್ ಗೆರೆ ಹತ್ರ ನಿಂತಿದೆ, ಡಬ್ಬೀಲಿ ಆಯಿಲ್ ಒಂದು ಕಡೆ ವಾಲಿದಾಗ ಒಳಗಿನ ಫ್ಲೋಟ್ (ಸ್ವಿಚ್ಚಿನ ತೇಲೋ ತುಂಡು) ಕೆಳಗೆ ಹೋಗ್ತಿದೆ ಅಂತ ಅರ್ಥ. ಬೆಳಿಗ್ಗೆ ಚಳೀಲಿ ಬಂದು ಗಾಡಿ ಬಿಸಿ ಆದ್ಮೇಲೆ ಹೋದ್ರೂ ಮೊದ್ಲು ನೋಡ್ಬೇಕಾದ್ದು ಇದನ್ನೇ. ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ ಮಿಣುಕ್ ಅಂದ್ರೆ ಹ್ಯಾಂಡ್‌ಬ್ರೇಕ್ ಸ್ವಿಚ್ ಅಥವಾ ವೈರ್. ಮಳೇಲೋ ವಾಷ್ ಮಾಡ್ಸಿದ್ಮೇಲೋ ಬಂದ್ರೆ ಕನೆಕ್ಟರ್ ಒಳಗೆ ನೀರು. ಬ್ಯಾಟರಿ ಲೈಟ್ ಕೂಡ ಜೊತೇಲೇ ಮಂಕಾಗಿ ಬರ್ತಿದ್ರೆ ಕೆಲವು ಹಳೇ ಮಾಡೆಲ್‌ಗಳಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ತೊಂದರೆ, ಬ್ರೇಕಿಗೆ ಸಂಬಂಧವೇ ಇಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಇರೋ ಗಾಡೀಲಿ ಹಳದಿ ಎಬಿಎಸ್ ಲೈಟೂ ಕೆಂಪು ಲೈಟೂ ಒಟ್ಟಿಗೆ ಬಂದ್ರೆ ಮಾತ್ರ ಸ್ಕ್ಯಾನರ್ ಇರೋ ಕಡೆ ತೋರ್ಸಿ, ಅದು ಕಣ್ಣಲ್ಲಿ ನೋಡಿ ಹೇಳೋ ವಿಷಯ ಅಲ್ಲ.

ಆಯಿಲ್ ಕಮ್ಮಿ ಇದೆ ಅಂತ ಗೊತ್ತಾದ ತಕ್ಷಣ ಎಲ್ರೂ ಮಾಡೋ ತಪ್ಪು ಒಂದೇ, ಟಾಪ್ ಅಪ್ ಮಾಡಿ ಮರೆತುಬಿಡೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಬ್ರೇಕ್ ಆಯಿಲ್ ಇಂಜಿನ್ ಆಯಿಲ್ ಥರ ಉರಿದು ಖರ್ಚಾಗೋ ವಸ್ತು ಅಲ್ಲ, ಕಮ್ಮಿ ಆಗಿದೆ ಅಂದ್ರೆ ಒಂದೋ ಪ್ಯಾಡ್ ಸವೆದು ಅದನ್ನ ಒತ್ತೋ ಪಿಸ್ಟನ್ ಮುಂದೆ ಬಂದು ಪಿಸ್ಟನ್ ಹಿಂದಿನ ಜಾಗಕ್ಕೆ ಆಯಿಲ್ ತುಂಬಿಕೊಂಡಿದೆ, ಇಲ್ಲಾ ಹೊರಗೆ ಹೋಗಿದೆ. ಹಾಗಾಗಿ ಮೊದ್ಲು ಪ್ಯಾಡ್ ನೋಡಿ. ತೆಳ್ಳಗಾಗಿದ್ರೆ ಪ್ಯಾಡ್ ಬದ್ಲಾಯ್ಸಿ, ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಲೆವೆಲ್ ತಾನೇ ಮೇಲೆ ಬರುತ್ತೆ, ಮುಂಚೇನೇ ತುಂಬ್ಸಿದ್ರೆ ಆಗ ಉಕ್ಕಿ ಚೆಲ್ಲಿ ಪೇಂಟ್ ಕಿತ್ಕೊಂಡು ಬರುತ್ತೆ. ಪ್ಯಾಡ್ ದಪ್ಪ ಇದ್ದೂ ಲೆವೆಲ್ ಇಳಿದಿದ್ರೆ ಲೀಕ್ ಹುಡುಕ್ಲೇಬೇಕು: ಚಕ್ರದ ಒಳಮೈ ಒದ್ದೆ ಇದೆಯಾ, ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯಾ, ಹಿಂದಿನ ಡ್ರಮ್ ಬಿಚ್ಚಿ ಒಳಗೆ ಬ್ರೇಕ್ ಶೂ ತಳ್ಳೋ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಅಂಚನ್ನ ಸ್ವಲ್ಪ ಎತ್ತಿದ್ರೆ ಆಯಿಲ್ ಸುರಿಯುತ್ತಾ. ಹೊರಗೆಲ್ಲೂ ಒದ್ದೆ ಇಲ್ಲ ಆದ್ರೂ ಕಮ್ಮಿ ಆಗ್ತಾನೇ ಇದೆ ಅಂದ್ರೆ ಮಾಸ್ಟರ್ ಸಿಲಿಂಡರ್ ಹಿಂದಿನ ಸೀಲಿಂದ ಬೂಸ್ಟರ್ (ಪೆಡಲ್ ಒತ್ತೋದನ್ನ ಹಗುರ ಮಾಡೋ ಭಾಗ) ಒಳಕ್ಕೆ ಹೋಗ್ತಿರ್ಬಹುದು. ಎಷ್ಟೋ ಗಾಡೀಲಿ ಹೈಡ್ರಾಲಿಕ್ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತೆ, ಅಂಥದ್ರಲ್ಲಿ ಕ್ಲಚ್ ಸಿಲಿಂಡರ್ ಲೀಕ್ ಆದ್ರೂ ಬ್ರೇಕ್ ಲೈಟೇ ಬರುತ್ತೆ, ಇದನ್ನ ತುಂಬಾ ಜನ ಮರೀತಾರೆ.

ಹಾಕೋವಾಗ ಮುಚ್ಚಳದ ಮೇಲೆ ಬರೆದಿರೋ ಗ್ರೇಡನ್ನೇ ಹಾಕಿ. ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಜಾತಿ, ಡಾಟ್ 5 ಮಾತ್ರ ಸಿಲಿಕಾನ್, ಅದನ್ನ ಇವುಗಳ ಜೊತೆ ಬೆರೆಸ್ಬಾರ್ದು. ನಾವು ಬಾಯ್ಮಾತಲ್ಲಿ ಬ್ರೇಕ್ ಆಯಿಲ್ ಅಂತೀವಿ ನಿಜ, ಆದ್ರೆ ಇಂಜಿನ್ ಆಯಿಲ್ ಒಂದು ಹನಿ ಅದರೊಳಗೆ ಬಿದ್ರೂ ರಬ್ಬರ್ ಸೀಲ್‌ಗಳು ಊದ್ಕೊಂಡು ಹಾಳಾಗ್ತವೆ. ಎಷ್ಟೋ ದಿನದಿಂದ ತೆರೆದಿಟ್ಟ ಡಬ್ಬದ್ದೂ ಬೇಡ, ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ.

ಲೆವೆಲ್ ಸರಿ ಇದೆ, ಲೀಕ್ ಇಲ್ಲ, ಆದ್ರೂ ಲೈಟ್ ಬರ್ತಿದೆ ಅಂದ್ರೆ ಸ್ವಿಚ್ ಬೇರೆ ಮಾಡಿ ನೋಡೋದು. ಲೈಟ್ ಇರೋವಾಗ್ಲೇ ಡಬ್ಬಿಯ ಕನೆಕ್ಟರ್ ಕಿತ್ತು ನೋಡಿ, ಹೆಚ್ಚಿನ ಹಳೇ ಕಾರಲ್ಲಿ ಲೈಟ್ ಆರಿದ್ರೆ ತಪ್ಪು ಅಲ್ಲೇ, ಫ್ಲೋಟ್ ಸಿಕ್ಕಾಕೊಂಡಿದೆ ಇಲ್ಲಾ ಆಯಿಲ್ ಕುಡಿದು ಮುಳುಗಿದೆ. ಆರದಿದ್ರೆ ಕನೆಕ್ಟರ್ ವಾಪಸ್ ಹಾಕಿ ಹ್ಯಾಂಡ್‌ಬ್ರೇಕ್ ಕಡೆ ಬನ್ನಿ.

ಅಲ್ಲಿ ಲಿವರ್ ಬುಡದ ಕವರ್ ತೆಗೆದ್ರೆ ಬೆರಳ ತುದಿಯಷ್ಟು ದಪ್ಪದ ಸ್ವಿಚ್ ಕಾಣುತ್ತೆ, ಲಿವರ್ ಪೂರ್ತಿ ಕೆಳಗಿದ್ದಾಗ ಅದರ ಸ್ಪ್ರಿಂಗ್ ಪಿನ್ ಒತ್ತಿಕೊಂಡು ಲೈಟ್ ಆರಿರುತ್ತೆ. ವರ್ಷಗಟ್ಟಲೆ ಧೂಳು ಕೂತು ಪಿನ್ ಜಿಡ್ಡಾಗುತ್ತೆ, ಸ್ವಿಚ್ ಹಿಡಿದಿರೋ ಪ್ಲೇಟ್ ಬಗ್ಗುತ್ತೆ, ಆಮೇಲೆ ಕೂದಲೆಳೆ ಅಂತರಕ್ಕೂ ಲೈಟ್ ಬರುತ್ತೆ. ಕೀ ಆನ್ ಇಟ್ಟು, ಗೇರಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು, ಲಿವರ್ ಪೂರ್ತಿ ಇಳ್ಸಿ ಬೆರಳಲ್ಲಿ ಒಂಚೂರು ಎತ್ತಿ ಬಿಟ್ಟು ನೋಡಿ, ಅಷ್ಟಕ್ಕೇ ಮಿಣುಕಿದ್ರೆ ಸಿಕ್ತು ಕಳ್ಳ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪ್ಲೇಟ್ ಸರಿ ಕೂರ್ಸಿದ್ರೆ ಬಹಳಷ್ಟು ಸಲ ಸಾಕು.

ನನ್ನ ಕಾರಲ್ಲಿ ಇದ್ಯಾವುದೂ ಆಗಿರ್ಲಿಲ್ಲ. ಫ್ಲೋಟ್ ಸ್ವಿಚ್ ಸಮೇತ ಆಯಿಲ್ ಡಬ್ಬಿ ಮುಚ್ಚಳ ಹೊಸದು ಹಾಕ್ಸಿದೆ, ಹ್ಯಾಂಡ್‌ಬ್ರೇಕ್ ಸ್ವಿಚ್ಚೂ ಹೊಸದು, ಆದ್ರೂ ಲೈಟ್ ಬರ್ತಾನೇ ಇತ್ತು. ಕೊನೆಗೆ ಗೊತ್ತಾಗಿದ್ದು, ಪಕ್ಕದ ಸೀಟಲ್ಲಿ ಯಾರಾದ್ರೂ ಕೂತಾಗ ಮಾತ್ರ ಬರೋದು. ಸೀಟ್ ಬಿಚ್ಚಿ ಕಾರ್ಪೆಟ್ ಎತ್ತಿ ನೋಡಿದ್ರೆ ಸೀಟ್ ರೈಲ್ ಕೆಳಗೆ ವೈರ್ ಜಜ್ಜಿ ತಾಮ್ರ ಹಸಿರು ಬಣ್ಣ ತಿರುಗಿತ್ತು, ಅಕ್ಕಿಕಾಳಿನಷ್ಟು ಜಾಗ. ಅಷ್ಟು ಕತ್ತರಿಸಿ ಹೊಸ ತುಂಡು ಬೆಸುಗೆ ಹಾಕಿ, ರೈಲಿಂದ ದೂರ ತಂದು ಕಟ್ಟಿದೆ.

ರಿಪೇರಿ ಆದ್ಮೇಲೆ ಕೀ ಆನ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದಾಗ ಲೈಟ್ ಬರ್ತಿದೆಯಾ, ಡಬ್ಬಿಯ ಫ್ಲೋಟ್ ಕೆಳಗೆ ಮಾಡಿದಾಗ್ಲೂ ಬರ್ತಿದೆಯಾ ಅಂತ ಎರಡೂ ನೋಡಿ. ಆಮೇಲೆ ಮೊದ್ಲು ಯಾವ ರಸ್ತೇಲಿ, ಯಾವ ತಿರುವಲ್ಲಿ ಲೈಟ್ ಬರ್ತಿತ್ತೋ ಅಲ್ಲೇ ಒಂದು ಸುತ್ತು ಹೋಗಿ ಬನ್ನಿ, ಡಬ್ಬಿ ಮೇಲೆ ಆಯಿಲ್ ಲೆವೆಲ್ಲಿಗೆ ಪೆನ್ನಲ್ಲಿ ಗೆರೆ ಎಳೆದು ಒಂದು ವಾರ ಬಿಟ್ಟು ಮತ್ತೆ ನೋಡಿ.