ಬಿಸಿಲಿನ ಲೆಕ್ಕ ಸರಿಯಾದರೆ ದುಡ್ಡಿನ ಲೆಕ್ಕವೂ ಸರಿ: ಮಂಡ್ಯದಿಂದ ನಮ್ಮ ಬೇಸಿಗೆ ಸುತ್ತಾಟ

ಏಪ್ರಿಲ್ ಬಂದರೆ ನಮ್ಮ ಬಂಧುಗಳಲ್ಲಿ ಅರ್ಧ ಮಂದಿ ಊಟಿಗೆ, ಇನ್ನರ್ಧ ಮಂದಿ ಮಡಿಕೇರಿಗೆ ಹೊರಡುತ್ತಾರೆ. ಆ ದಿನಗಳಲ್ಲಿ ಅಲ್ಲಿ ಕೊಠಡಿ ಬಾಡಿಗೆ ಏರಿರುತ್ತದೆ, ಘಟ್ಟದ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿರುತ್ತವೆ. 2024ರ ಮೇ ತಿಂಗಳಿಂದ ಊಟಿಗೆ ಇ-ಪಾಸ್ ಕೂಡ ಬೇಕು. ನಾವು ಐದು ಜನ: ನಾನು, ಯಜಮಾನರು, ಇಬ್ಬರು ಮಕ್ಕಳು, ಮಂಡಿನೋವಿರುವ ಅತ್ತೆ. ಇರುವುದು ಹಳೆಯ ಸಣ್ಣ ಕಾರು. ಆದ್ದರಿಂದ ನಾವು ದೂರ ಹೋಗುವುದನ್ನು ಬಿಟ್ಟು, ಮಂಡ್ಯದಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವ ದಾರಿಗಳನ್ನು ಆರಿಸಿಕೊಂಡೆವು.

ಖರ್ಚಿನ ಚೀಟಿ ಬರೆದಿಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಅದನ್ನು ನೋಡುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಬೇಸಿಗೆಯಲ್ಲಿ ಹಣ ಕರಗುವುದು ಪೆಟ್ರೋಲಿಗಿಂತ ಹೆಚ್ಚಾಗಿ ಬಿಸಿಲಿಗೆ. ನೀರಿನ ಬಾಟಲಿ, ತಂಪು ಪಾನೀಯ, ಐಸ್‌ಕ್ರೀಮ್, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂರಬೇಕೆಂದೇ ಹೊಕ್ಕ ಹೋಟೆಲು, ಸುಸ್ತಾದ ಮಕ್ಕಳನ್ನು ಸಮಾಧಾನ ಮಾಡಲು ಕೊಡಿಸಿದ ಆಟಿಕೆ, ಎಲ್ಲವೂ ಬಿಸಿಲಿನ ಖರ್ಚೇ. ಅಂದಿನಿಂದ ನಾನು ಮೊದಲು ಯಾವ ಹೊತ್ತಿನಲ್ಲಿ ನೆರಳು ಎಲ್ಲಿ ಸಿಗುತ್ತದೆ ಎಂದು ನೋಡುತ್ತೇನೆ, ಆಮೇಲೆ ಊರಿನ ಹೆಸರು ಬರೆಯುತ್ತೇನೆ.

ನಮಗೆ ಅತ್ಯಂತ ಇಷ್ಟವಾದ ಸುತ್ತು ಮಂಡ್ಯ, ಮಳವಳ್ಳಿ, ತಲಕಾಡು, ತಿ. ನರಸೀಪುರ, ಸೋಮನಾಥಪುರ, ಬನ್ನೂರು, ಮತ್ತೆ ಮಂಡ್ಯ. ಒಟ್ಟು ಸುಮಾರು 150 ಕಿಲೋಮೀಟರ್. ನಮ್ಮ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ, ಅಂದರೆ ಹತ್ತು ಲೀಟರ್ ಪೆಟ್ರೋಲ್. ಹತ್ತಿರದ್ದೆಂದು ಬಹಳ ಜನ ಸೋಮನಾಥಪುರಕ್ಕೆ ಮೊದಲು ಹೋಗುತ್ತಾರೆ. ನಾವು ಬೇಕೆಂದೇ ತಲಕಾಡಿಗೆ ಮೊದಲು ಹೋಗುತ್ತೇವೆ. ಕಾರಣ ಅಲ್ಲಿನ ಮರಳು. ಹತ್ತು ಗಂಟೆಯ ನಂತರ ಅದು ಕಾಯಲು ಶುರುವಾದರೆ ಚಿಕ್ಕ ಮಕ್ಕಳು ಬರಿಗಾಲಲ್ಲಿ ಹೆಜ್ಜೆ ಇಡಲಾರರು, ಅತ್ತೆಯಂಥವರಿಗೆ ಕಾಲು ಹೂಳುವ ಮರಳಿನಲ್ಲಿ ನಡೆಯುವುದೇ ಕಷ್ಟ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಏಳರ ಒಳಗೆ ಅಲ್ಲಿರುತ್ತೇವೆ. ಆಗ ಮರಳು ತಣ್ಣಗಿರುತ್ತದೆ, ಗಾಳಿ ಇರುತ್ತದೆ. ಮಕ್ಕಳು ದಿಬ್ಬದಿಂದ ಉರುಳಾಡಿ ದಣಿಯುತ್ತಾರೆ, ಅದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ಗಂಗರ ರಾಜಧಾನಿಯಾಗಿದ್ದ ಊರು ಮರಳಿನಡಿ ಹೋಯಿತೆಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಪಾತಾಳೇಶ್ವರನ ಗುಡಿಗೆ ಮೆಟ್ಟಿಲು ಇಳಿದು ಹೋದಾಗ ನಂಬುತ್ತಾರೆ.

ಅಲಮೇಲಮ್ಮನ ಶಾಪದ ಕಥೆಯನ್ನು ಅತ್ತೆ ಅಲ್ಲಿಯೇ ಕೂತು ಹೇಳುತ್ತಾರೆ. 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ' ಎಂಬ ಮಾತು ಬಂದಾಗ ನಾನು ನಡುವೆ ಬಾಯಿ ಹಾಕಿ ಮಡುವೆಂದರೆ ಏನೆಂದು ಮಕ್ಕಳಿಗೆ ತಿಳಿಸುತ್ತೇನೆ. ಬೇಸಿಗೆಯ ಕಾವೇರಿ ಮೇಲೆ ನೋಡಲು ಸೌಮ್ಯವಾಗಿ, ಮೊಣಕಾಲುದ್ದವಾಗಿ ಕಾಣುತ್ತಾಳೆ. ಎರಡು ಹೆಜ್ಜೆ ಆಚೆ ಆಳು ಮುಳುಗುವಷ್ಟು ಗುಂಡಿ ಇರಬಹುದು. ಮೇಲಿನಿಂದ ನೀರು ಬಿಟ್ಟರೆ ಮಟ್ಟ ಏರುವುದೂ ಉಂಟು. ನಮ್ಮಲ್ಲಿ ನಿಯಮ ಒಂದೇ: ಜನ ಸ್ನಾನ ಮಾಡುವ ದಡದಲ್ಲಿ, ದೊಡ್ಡವರು ಕೈ ಹಿಡಿದಿರುವಾಗ ಮಾತ್ರ, ಕಾಲು ನೆನೆಸುವಷ್ಟು. ಮುತ್ತತ್ತಿಗೆ ಮಕ್ಕಳನ್ನು ನೀರಾಟಕ್ಕೆಂದು ನಾನು ಕರೆದುಕೊಂಡು ಹೋಗುವುದಿಲ್ಲ, ಯಾರು ಎಷ್ಟು ಕರೆದರೂ. ಅಲ್ಲಿ ಸುಳಿಗೆ ಸಿಕ್ಕವರ ಸುದ್ದಿಯನ್ನು ನಮ್ಮ ಜಿಲ್ಲೆಯವರು ಪ್ರತಿ ಬೇಸಿಗೆ ಓದುತ್ತಲೇ ಇದ್ದೇವೆ.

ಗಗನಚುಕ್ಕಿ, ಭರಚುಕ್ಕಿ ಅಲ್ಲಿಂದ ಹತ್ತಿರವೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಅದನ್ನು ಮಳೆಗಾಲಕ್ಕೆ ಮೀಸಲಿಟ್ಟಿದ್ದೇವೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಸೋಮನಾಥಪುರ ಸೇರುತ್ತೇವೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ದೊಡ್ಡವರ ಮೂರು ಟಿಕೆಟ್ ಸಾಕು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಅಂಗಳದ ಕಲ್ಲು ಹೆಂಚಿನಂತೆ ಕಾದಿರುತ್ತದೆ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಚೀಲದಲ್ಲಿ ಇದ್ದೇ ಇರುತ್ತದೆ. ಅಂಗಳದ ಸುತ್ತ ಇರುವ ಕೈಸಾಲೆಯಲ್ಲಿ ಒಳ್ಳೆಯ ನೆರಳು, ಅತ್ತೆಗೆ ಅಲ್ಲಿ ಕೂರುವುದೇ ಸುಖ. ಮಕ್ಕಳಿಗೆ ಹುಡುಕಾಟದ ಕೆಲಸ ಕೊಡುತ್ತೇನೆ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಈ ಗುಡಿಯಲ್ಲಿ ಶಿಲ್ಪಿಗಳು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ, ಮಲ್ಲಿತಮ್ಮನ ಹೆಸರು ಹಲವು ಕಡೆ ಇದೆ. ಹಳಗನ್ನಡದ ಲಿಪಿಯಾದ್ದರಿಂದ 'ಮ' ಎಲ್ಲಿ, 'ಲ್ಲಿ' ಎಲ್ಲಿ ಎಂದು ತಲೆಗೆ ತಲೆ ಕೊಟ್ಟು ನೋಡಬೇಕು. ಕಳೆದ ಸಲ ಮಗಳು ಒಂದು ಮೂರ್ತಿಯ ಪೀಠದ ಧೂಳನ್ನು ಉಫ್ ಎಂದು ಊದಿ, ಅಕ್ಷರಗಳನ್ನು ನೋಟ್‌ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಳು. ಮಗ ಕೆಳಗಿನ ಸಾಲಿನ ಆನೆಗಳಲ್ಲಿ ಸೊಂಡಿಲು ಮೇಲೆತ್ತಿದ್ದನ್ನು ಹುಡುಕುತ್ತಿದ್ದ. ಒಳಗೆ ಹೋಗಿ ಮಲಗಿ ನೋಡಬೇಕೆನ್ನಿಸುವ ಛಾವಣಿಗಳಿವೆ, ಒಂದರಂತೆ ಇನ್ನೊಂದಿಲ್ಲ. ಬೇಲೂರು, ಹಳೇಬೀಡಿನ ಜೊತೆ ಈ ಗುಡಿ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮ ಮನೆಯಿಂದ ಇಷ್ಟು ಹತ್ತಿರದಲ್ಲಿ ಇಂಥದ್ದಿದೆ ಎಂದು ನನಗೆ ಪ್ರತಿ ಸಲವೂ ಹೆಮ್ಮೆ.

ಊಟದ ವಿಷಯದಲ್ಲಿ ನಾನು ಬಹಳ ಹಟದವಳು. ಬುತ್ತಿ ಮನೆಯದ್ದೇ ಆಗಬೇಕು. ಮೊಸರನ್ನಕ್ಕೆ ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಕಾಯಿಸಿದ ಹಾಲು ಸುರಿದು ಚೆನ್ನಾಗಿ ಮಸೆಯುತ್ತೇನೆ. ಪೂರ್ತಿ ಆರಿದ ಮೇಲೆ ಎರಡೇ ಚಮಚ ಮೊಸರು. ಬೆಳಿಗ್ಗೆ ತಿಂದು ನೋಡಿದರೆ ಹಾಲನ್ನದಂತೆಯೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಿಸಿಲೇ ಅದನ್ನು ಹದಕ್ಕೆ ಹುಳಿ ಮಾಡಿರುತ್ತದೆ. ಮನೆಯಲ್ಲೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಬಾಯಿಗಿಡಲಾಗದು. ಇನ್ನೊಂದು ಡಬ್ಬಿಯಲ್ಲಿ ಪುಳಿಯೋಗರೆ, ಅದು ಕೆಡುವ ಭಯವಿಲ್ಲ. ತೆಂಗಿನಕಾಯಿ ಚಟ್ನಿ, ಹಸಿ ಈರುಳ್ಳಿ ಬೇಡವೇ ಬೇಡ. ಸೌತೆಕಾಯಿಯನ್ನು ಇಡಿಯಾಗಿ ಒಯ್ದು ಅಲ್ಲಿಯೇ ಹೆಚ್ಚುವುದು. ನೀರಿಗೆ ಸ್ಟೀಲ್ ಕ್ಯಾನು, ಅದರ ಸುತ್ತ ಒದ್ದೆ ಗೋಣಿತಾಟು. ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ ಬೇರೆ. ದಾರಿಯಲ್ಲಿ ಕೊಳ್ಳುವುದು ಎಳನೀರು ಮಾತ್ರ, ಅದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ನಮ್ಮ ಸೀಮೆಯ ರೈತನ ಬೆಳೆ ಅದು.

ಮೇಲುಕೋಟೆಯ ಸುತ್ತು ಇದಕ್ಕಿಂತ ಚಿಕ್ಕದು. ಸೂರ್ಯ ಏರುವ ಮೊದಲೇ ಯೋಗನರಸಿಂಹನ ಬೆಟ್ಟ ಹತ್ತಿ ಇಳಿದರೆ, ಮಧ್ಯಾಹ್ನ ಕಲ್ಯಾಣಿಯ ಮಂಟಪದ ನೆರಳು. ಅತ್ತೆ ಬೆಟ್ಟ ಹತ್ತುವುದಿಲ್ಲ, ಕೆಳಗೆ ಚೆಲುವನಾರಾಯಣನ ಗುಡಿಯಲ್ಲಿ ಇರುತ್ತಾರೆ. ಹಿಂತಿರುಗುವಾಗ ಹೊಗೆ ಕಂಡ ಕಡೆ ಆಲೆಮನೆಯ ಮುಂದೆ ಕಾರು ನಿಲ್ಲಿಸಿ, 'ಅಣ್ಣ, ಮಕ್ಕಳಿಗೆ ಸ್ವಲ್ಪ ತೋರಿಸಬಹುದಾ?' ಎಂದು ಕೇಳುತ್ತೇನೆ. ಬೇಡ ಎಂದವರಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ, ಪಾಕವಾಗಿ, ಅಚ್ಚಿಗೆ ಬೀಳುವವರೆಗೆ ಮಕ್ಕಳು ಮಿಸುಕುವುದಿಲ್ಲ. ಕೊಪ್ಪರಿಗೆಯಿಂದ ನಾಲ್ಕು ಹೆಜ್ಜೆ ದೂರವೇ ನಿಲ್ಲಿಸಬೇಕು. ಬರುವಾಗ ಅಲ್ಲಿಯೇ ಒಂದೆರಡು ಕಿಲೋ ಬೆಲ್ಲ ಕೊಳ್ಳುತ್ತೇನೆ.

ಕಾರಿನ ಕೆಲಸ ಯಜಮಾನರದ್ದು. ಹೊರಡುವ ಮುನ್ನ ಟೈರು ತಣ್ಣಗಿರುವಾಗ ಗಾಳಿ ನೋಡುತ್ತಾರೆ, ಸ್ಟೆಪ್ನಿಯದ್ದೂ ಸೇರಿಸಿ. ಕೂಲೆಂಟ್ ಮಟ್ಟ, ವೈಪರ್ ಕೂಡ. ಎಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟುವುದಿಲ್ಲ. ಮಧ್ಯಾಹ್ನ ನಿಲ್ಲಿಸುವಾಗ ಮರದ ಪೂರ್ವಕ್ಕೆ ನಿಲ್ಲಿಸುತ್ತಾರೆ, ನೆರಳು ಸರಿಯುವುದು ಆ ಕಡೆಗೇ.

ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾದರೆ ಸಂಜೆಗಳನ್ನು ನಂಬುವಂತಿಲ್ಲ. ಮಧ್ಯಾಹ್ನ ಸೆಕೆ ತಡೆಯಲಾರದಷ್ಟಾಗಿ ಒಂದೆಲೆ ಅಲುಗದಿದ್ದರೆ ನಾವು ಮೂರೂವರೆಗೇ ಹೊರಟುಬಿಡುತ್ತೇವೆ. ಗಾಳಿ ಎದ್ದ ಮೇಲೆ ತೆಂಗಿನ ಮರ, ಹಳೆಯ ಸಾಲುಮರದ ಕೆಳಗೆ ನಿಲ್ಲುವುದಿಲ್ಲ. ಮಳೆ ಜೋರಾದರೆ ಪೆಟ್ರೋಲ್ ಬಂಕೋ ಬಸ್ ನಿಲ್ದಾಣವೋ ಸಿಕ್ಕ ಕಡೆ ಕಾಯುತ್ತೇವೆ. ನಾಲೆಯ ಏರಿ ಮೇಲಿನ ಅಡ್ಡದಾರಿ ಎಷ್ಟೇ ಹತ್ತಿರವಾದರೂ ಕತ್ತಲಲ್ಲಿ ಆ ಕಡೆ ಕಾರು ತಿರುಗಿಸುವುದಿಲ್ಲ, ಹತ್ತು ಕಿಲೋಮೀಟರ್ ಸುತ್ತಾದರೂ ದೊಡ್ಡ ರಸ್ತೆಯಲ್ಲೇ ಮನೆಗೆ ಬರುತ್ತೇವೆ.