ಬಿಪಿ ನೋಡುವ ಮೊದಲು ಪಾದ ಮುಟ್ಟಿ ನೋಡುತ್ತೇನೆ

ಡೆಂಗಿ ವಾರ್ಡಿನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವ ಮಾತು ಅಂದರೆ "ಜ್ವರ ಬಿಟ್ಟಿದೆ" ಅನ್ನೋದು.

ಹತ್ತು ವರ್ಷದ ಹುಡುಗಿ, 28 ಕೆ.ಜಿ. ತೂಕ, ಜ್ವರ ಶುರುವಾಗಿ ಐದನೇ ದಿನ. "ಬೆಳಿಗ್ಗೆಯಿಂದ ಮೈ ತಣ್ಣಗಿದೆ ಡಾಕ್ಟ್ರೇ, ಪ್ಲೇಟ್‌ಲೆಟ್ಟೂ ಎಂಬತ್ತು ಸಾವಿರ ಇದೆಯಂತೆ, ಮನೆಗೆ ಹೋಗ್ತೀವಿ" ಅಂದರು ತಾಯಿ. ಚಾರ್ಟಿನಲ್ಲಿ ಬಿಪಿ 100/84. ಮೇಲಿನ ಅಂಕಿ ಮಾತ್ರ ನೋಡಿದರೆ ಎಲ್ಲಾ ಸರಿಯೇ ಇದೆ ಅಲ್ವಾ? ನಾನು ಪಾದ ಮುಟ್ಟಿದೆ. ಮೊಣಕಾಲಿನವರೆಗೂ ತಣ್ಣಗೆ, ಮೇಲೆ ತೆಳುವಾಗಿ ಬೆವರು. ಬೆರಳ ತುದಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಮತ್ತೆ ಕೆಂಪಾಗಲು ನಾಲ್ಕು ಸೆಕೆಂಡ್ ಬೇಕಾಯಿತು. ಎರಡರೊಳಗೆ ಆಗಬೇಕು. ನಾಡಿ 130, ದಾರದ ಎಳೆಯಷ್ಟು ಸಣ್ಣಗೆ. "ಒಂದಕ್ಕೆ ಹೋಗಿದ್ದು ಯಾವಾಗಮ್ಮಾ?" ಅಂತ ಕೇಳಿದೆ. ತಾಯಿಗೆ ನೆನಪಾಗಲಿಲ್ಲ.

ಆ ಹುಡುಗಿ ಶಾಕ್‌ನಲ್ಲಿದ್ದಳು. ಶಾಕ್ ಅಂದ ಕೂಡಲೇ ಜನ ಕರೆಂಟ್ ಹೊಡೆದದ್ದು ಅಥವಾ ಕೆಟ್ಟ ಸುದ್ದಿ ಕೇಳಿದ್ದು ಅಂದುಕೊಳ್ಳುತ್ತಾರೆ. ನಾವು ಹೇಳೋದು ಮಿದುಳು, ಕಿಡ್ನಿ, ಕರುಳಿಗೆ ಬೇಕಾದಷ್ಟು ರಕ್ತ, ಆಮ್ಲಜನಕ ತಲುಪದ ಸ್ಥಿತಿಗೆ. ಬಿಪಿ ಬೀಳುವುದು ಆಮೇಲೆ. ಮಕ್ಕಳ ದೇಹವಂತೂ ಕೈಕಾಲಿನ ರಕ್ತನಾಳಗಳನ್ನು ಬಿಗಿದು ಕೊನೆಯವರೆಗೂ ಬಿಪಿ ಹಿಡಿದಿಟ್ಟುಕೊಂಡು, ಆಮೇಲೆ ಒಮ್ಮೆಗೇ ಕೈಬಿಡುತ್ತದೆ. ಡೆಂಗಿಯಲ್ಲಿ ಮೇಲಿನ ಮತ್ತು ಕೆಳಗಿನ ಅಂಕಿಯ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆದರೆ ಶಾಕ್ ಅಂತಲೇ ಲೆಕ್ಕ. ಇವಳದ್ದು 16.

ಮನೆಯವರಿಗೆ ನಾನು ತೋಟದ ಪಂಪ್‌ಸೆಟ್ ಇಟ್ಟುಕೊಂಡು ವಿವರಿಸುತ್ತೇನೆ. ಗಿಡಕ್ಕೆ ನೀರು ಹೋಗ್ತಿಲ್ಲ ಅಂದರೆ ಬಾವಿ ಬತ್ತಿರಬಹುದು: ಹೆರಿಗೆಯಲ್ಲಿ ರಕ್ತಸ್ರಾವ, ವಾಂತಿ ಭೇದಿ. ಮೋಟಾರ್ ಸೋತಿರಬಹುದು, ಅಂದರೆ ಹಾರ್ಟ್ ಅಟ್ಯಾಕ್. ಪೈಪುಗಳು ಸಡಿಲಾಗಿ ಒತ್ತಡವೇ ನಿಲ್ಲದಿರಬಹುದು, ಇದು ರಕ್ತದಲ್ಲಿ ಸೋಂಕು ಹರಡಿದಾಗ, ಇಂಜೆಕ್ಷನ್ನೋ ಜೇನುಹುಳವೋ ಅಲರ್ಜಿಯಾದಾಗ ಆಗುವಂಥದ್ದು. ಇಲ್ಲಾ ಎಲ್ಲೋ ಅಡ್ಡ ಸಿಕ್ಕಿರಬಹುದು, ಶ್ವಾಸಕೋಶದ ಸುತ್ತ ಗಾಳಿ ತುಂಬಿ ಹೃದಯವನ್ನೇ ಒತ್ತಿದ ಹಾಗೆ. ಡೆಂಗಿಯಲ್ಲಿ ಪೈಪು ಜಿನುಗುತ್ತೆ, ಬಾವಿ ಖಾಲಿಯಾಗುತ್ತೆ, ಅದೂ ಜ್ವರ ಬಿಡುವ ಹೊತ್ತಿಗೇ.

ಯಾವುದು ಅಂತ ಗೊತ್ತಾಗದೆ ಕೈ ಹಾಕಬಾರದು. ಇದನ್ನು ನಾನು ಕಲಿತ ಬಗೆ ಇವತ್ತಿಗೂ ನೋಯಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಅರವತ್ತು ದಾಟಿದ ಒಬ್ಬರು ಬೆವರಿಕೊಂಡು ಬಂದರು, ಬಿಪಿ 80. ಜೊತೆಗಿದ್ದವರು "ಒಂದು ಬಾಟ್ಲಿ ಹಾಕಿ ಸಾರ್" ಅಂದರು, ನಾನೂ ಎದೆಗೆ ಸ್ಟೆತ್ ಇಡದೆ, ಇಸಿಜಿಗೂ ಕಾಯದೆ ಸಲೈನ್ ಜೋರಾಗಿ ಬಿಟ್ಟೆ. ಅರ್ಧ ಗಂಟೆಯಲ್ಲಿ ಅವರು ಉಸಿರು ಸಿಗದೆ ಎದ್ದು ಕೂತರು, ಬಾಯಲ್ಲಿ ನೊರೆ. ಸೋತ ಮೋಟಾರಿಗೆ ನಾನು ನೀರು ತುಂಬಿಸಿದ್ದೆ. ಅವರು ಉಳಿಯಲಿಲ್ಲ.

ಅಲರ್ಜಿಯದ್ದಾದರೆ ಯೋಚನೆ ಮಾಡುತ್ತಾ ನಿಲ್ಲುವುದೇ ತಪ್ಪು. ಮೊದಲು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್, ದೊಡ್ಡವರಿಗೆ 0.5 ಮಿ.ಗ್ರಾಂ. ಅವಿಲ್‌ನಂಥ ಅಲರ್ಜಿ ಔಷಧಿ, ಸ್ಟಿರಾಯ್ಡ್ ಎಲ್ಲಾ ಆಮೇಲೆ. ಸೋಂಕಿನ ಶಾಕ್‌ಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್, ದ್ರವ, ಅದಕ್ಕೂ ಬಗ್ಗದಿದ್ದರೆ ಸಡಿಲಾದ ರಕ್ತನಾಳಗಳನ್ನು ಬಿಗಿಯುವ ನಾರ್‌ಅಡ್ರಿನಲಿನ್.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, ಹಿಂದಿನ ದಿನ 38 ಇದ್ದದ್ದು 47 ಆಗಿತ್ತು, ಅಂದರೆ ರಕ್ತದ ನೀರಿನಂಶ ಹೊರಗೆ ಸೋರಿ ರಕ್ತ ಮಂದವಾಗುತ್ತಿದೆ. (ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ, ಪಿಸಿವಿ ಎಷ್ಟು ಅಂತ ಕೇಳಿದ ಮನೆಯವರನ್ನು ನಾನು ಕಂಡಿಲ್ಲ.) ಕೆ.ಜಿ.ಗೆ 10 ಎಂ.ಎಲ್. ಲೆಕ್ಕದಲ್ಲಿ 280 ಎಂ.ಎಲ್. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್, ಸಲೈನ್‌ನಂಥದ್ದೇ ಡ್ರಿಪ್ ದ್ರವ) ಒಂದು ಗಂಟೆಯಲ್ಲಿ ಕೊಟ್ಟೆವು. ಸಿಸ್ಟರ್ ಹದಿನೈದು ನಿಮಿಷಕ್ಕೊಮ್ಮೆ ನಾಡಿ ಹಿಡಿದರು, ನಾನು ಪಾದ ಹಿಡಿದೆ. ಗಂಟೆ ಮುಗಿಯುವಾಗ ಬಿಪಿ 104/74. ಮೊಣಕಾಲು ಬೆಚ್ಚಗಾಗಿತ್ತು, ಬೆರಳುಗಳು ಇನ್ನೂ ಇಲ್ಲ. ವೇಗ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದೆವು. ರಾತ್ರಿ ಎರಡಕ್ಕೆ ಅವಳು ಒಂದಕ್ಕೆ ಹೋಗಬೇಕು ಅಂದಳು, ಸಿಸ್ಟರ್ ಓಡಿ ಬಂದು ನನಗೆ ಹೇಳಿದರು.

ಎರಡನೇ ದಿನ ಸಂಜೆ ಪಿಸಿವಿ 39ಕ್ಕೆ ಇಳಿದಿತ್ತು, ಇಡ್ಲಿ ಬೇಕು ಅಂತ ಹಟ ಶುರುವಾಗಿತ್ತು. ನಾನು ಡ್ರಿಪ್ ನಿಲ್ಲಿಸಿದೆ. "ಇನ್ನೂ ಸುಸ್ತಿದೆ ಡಾಕ್ಟ್ರೇ, ಇನ್ನೊಂದು ಬಾಟ್ಲಿ ಹಾಕಿದ್ರೆ ಒಳ್ಳೇದಲ್ವಾ?" ಅಂದರು ತಾಯಿ. ಸೋರಿದ ನೀರು ಈಗ ತಾನಾಗೇ ರಕ್ತಕ್ಕೆ ವಾಪಸ್ ಬರ್ತಿದೆ, ಇನ್ನೂ ಹಾಕಿದರೆ ಶ್ವಾಸಕೋಶದಲ್ಲಿ ನಿಲ್ಲುತ್ತೆ ಅಂತ ಹಾಸಿಗೆ ಪಕ್ಕ ಕೂತು ಹೇಳಿದೆ. ಅವರು ಮಗಳ ಪಾದ ಮುಟ್ಟಿ ನೋಡಿದರು, ಆಮೇಲೆ ಇಡ್ಲಿ ತರೋದಕ್ಕೆ ಎದ್ದರು.