ರಿಪೀಟರ್‌ಗೆ ಬೈಯುವ ಮೊದಲು ಕೈಯಲ್ಲಿರುವ ಸೆಟ್ ನೋಡಿ

"ಎಲ್ಲರ ಮಾತೂ ಕೇಳಿಸುತ್ತೆ. ನಾನು ಕರೆದರೆ ಮಾತ್ರ ಯಾರೂ ಓಗೊಡಲ್ಲ." ವಾಕಿಟಾಕಿ ಹಿಡಿದ ಹ್ಯಾಮ್‌ಗಳಿಂದ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರಿಂದ, ಜಾಸ್ತಿ ಕೇಳಿಬರುವ ದೂರು ಇದು. ಬೈಗುಳ ಬೀಳುವುದು ನಮ್ಮ ಮಾತನ್ನು ದೂರಕ್ಕೆ ದಾಟಿಸುವ ರಿಪೀಟರ್‌ಗೆ. ಆದರೆ ಬೇರೆಯವರ ಮಾತು ಅದರ ಮೂಲಕವೇ ಬರುತ್ತಿದೆ ಅಂದಮೇಲೆ ಅದು ಚೆನ್ನಾಗೇ ಇದೆ ಅಲ್ವಾ?

ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಹೊತ್ತಿಗೆ ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಅದು ಹೇಳುವ ಕಡೆ ನಾವು ಕೇಳಬೇಕು, ಅದು ಕೇಳುವ ಕಡೆ ನಾವು ಹೇಳಬೇಕು. ಕೆಟ್ಟಿರುವುದು ಹೋಗುವ ದಾರಿಯೋ ಬರುವ ದಾರಿಯೋ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಮಾತಾಡಲು ಇರುವ ಪಿಟಿಟಿ ಬಟನ್ ಒತ್ತಿ ಹಿಡಿದು, ಒಂದು ಕ್ಷಣ ತಡೆದು ನಿಮ್ಮ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಕ್ಕ ಗುರುತು) ಹೇಳಿ, ಬಟನ್ ಬಿಡಿ. ಸುಮ್ನೆ ಒತ್ತಿ ಬಿಡುವುದು ಒಳ್ಳೆಯ ಅಭ್ಯಾಸವಲ್ಲ. ಬಿಟ್ಟ ಮೇಲೆ ಸ್ವಲ್ಪ ಹೊತ್ತು ಸಿಗ್ನಲ್ ಉಳಿದರೆ ಅಥವಾ ಒಂದು ಬೀಪ್ ಬಂದರೆ ರಿಪೀಟರ್ ನಿಮ್ಮನ್ನು ಕೇಳಿಸಿಕೊಂಡಿದೆ.

ಏನೂ ಬರಲಿಲ್ಲವೇ? ಮತ್ತೆ ಕರೆಯಿರಿ, ಈ ಸಲ ಕಣ್ಣು ಸ್ಕ್ರೀನ್ ಮೇಲಿರಲಿ. ರಿಪೀಟರ್ 145.700 ಮೆಗಾಹರ್ಟ್ಸ್‌ನಲ್ಲಿ ಹೇಳಿ 145.100ರಲ್ಲಿ ಕೇಳುವಂಥದ್ದು ಅಂದುಕೊಳ್ಳಿ. ಬಟನ್ ಒತ್ತಿದಾಗ 145.700 ಹೋಗಿ 145.100 ಬರಬೇಕು. ಅಂಕಿ ಕದಲದಿದ್ದರೆ ಆಫ್‌ಸೆಟ್, ಅಂದರೆ ಈ ಎರಡು ಫ್ರೀಕ್ವೆನ್ಸಿಗಳ ನಡುವಿನ ಅಂತರ, ಹಾಕಿಲ್ಲ. 146.300 ಕಂಡರೆ ಮೈನಸ್ ಇರಬೇಕಾದ ಕಡೆ ಪ್ಲಸ್ ಇದೆ. ಈ ಫ್ರೀಕ್ವೆನ್ಸಿಗಳಿರುವ ಎರಡು ಮೀಟರ್ ಬ್ಯಾಂಡ್‌ನಲ್ಲಿ ಈ ಅಂತರ ಸಾಮಾನ್ಯವಾಗಿ 0.6 ಮೆಗಾಹರ್ಟ್ಸ್. ಅದಕ್ಕಿಂತ ಮೇಲಿನ 70 ಸೆಂಟಿಮೀಟರ್ ಬ್ಯಾಂಡ್‌ನಲ್ಲಿ ಅದು ದೇಶದಿಂದ ದೇಶಕ್ಕೆ ಬೇರೆ.

ಅಂಕಿ ಸರಿ ಇದ್ದರೆ ಟೋನ್ ನೋಡಿ. ಮಾತಿನ ಕೆಳಗೆ ಹೋಗುವ ಸಣ್ಣ ಗುಂಯ್ ಸದ್ದು ಅದು. ಸರಿಯಾದ ಟೋನ್ ಬರದಿದ್ದರೆ ಅನೇಕ ರಿಪೀಟರ್‌ಗಳು ಬಾಗಿಲು ತೆರೆಯುವುದೇ ಇಲ್ಲ. ಮೆನುವಿನಲ್ಲಿ ಟೋನ್‌ಗಳು 85.4, 88.5, 91.5 ಹರ್ಟ್ಸ್ ಹೀಗೆ ಸಾಲಾಗಿ ಇರುತ್ತವೆ. ಒಂದು ಮನೆ ಜಾರಿದರೂ ಮುಗಿಯಿತು. ನಾನೊಮ್ಮೆ 88.5 ಬದಲು 85.4 ಇಟ್ಟುಕೊಂಡು, ಆಂಟೆನಾ ಕೆಟ್ಟಿದೆ ಅಂತ ಅದನ್ನೇ ಬದಲಾಯಿಸಿದ್ದೆ! ಇನ್ನೊಂದು ವಿಷಯ: ಟೋನ್ ಕಳಿಸುವುದಕ್ಕೆ ಒಂದು ಸೆಟ್ಟಿಂಗ್, ಟೋನ್ ಬಂದರೆ ಮಾತ್ರ ಸ್ಪೀಕರ್ ತೆರೆಯುವುದಕ್ಕೆ ಇನ್ನೊಂದು. ಏನೂ ಕೇಳಿಸುತ್ತಿಲ್ಲ ಅನ್ನುವವರು ಎರಡನೆಯದನ್ನು ಆಫ್ ಮಾಡಿ ನೋಡಿ. ರಿಪೀಟರ್ ಟೋನ್ ಕಳಿಸದಿದ್ದರೆ ನಿಮ್ಮ ಸೆಟ್ ಬಾಯಿ ಮುಚ್ಚಿಕೊಂಡೇ ಇರುತ್ತದೆ.

"ಮಾತು ಕಡಿದು ಕಡಿದು ಬರ್ತಿದೆ" ಅಂದರೆ ಸೆಟ್ಟಿಂಗ್ ಮುಟ್ಟಬೇಡಿ, ನಿಂತ ಜಾಗ ಬದಲಿಸಿ. ರಿಪೀಟರ್ ಎತ್ತರದಲ್ಲಿ ದೊಡ್ಡ ಆಂಟೆನಾ ಇಟ್ಟುಕೊಂಡಿದೆ, ನಿಮ್ಮ ಕೈಯಲ್ಲಿರುವುದು ಸಾಮಾನ್ಯವಾಗಿ 5 ವಾಟ್. ಅದು ನಿಮಗೆ ಚೆನ್ನಾಗಿ ಕೇಳಿಸಿತು ಅಂದ ಮಾತ್ರಕ್ಕೆ ನೀವು ಅದಕ್ಕೆ ಕೇಳಿಸಬೇಕೆಂದೇನಿಲ್ಲ. ಪವರ್ ಲೋನಲ್ಲಿದ್ದರೆ ಹೈಗೆ ಹಾಕಿ. ಸೊಂಟದಿಂದ ಸೆಟ್ ತೆಗೆದು ಮುಖದ ಹತ್ತಿರ, ಆಂಟೆನಾ ನೆಟ್ಟಗೆ ಹಿಡಿಯಿರಿ. ಕಿಟಕಿ ಹತ್ತಿರ ಬನ್ನಿ. ಎರಡು ಮೀಟರ್ ಬ್ಯಾಂಡ್‌ನಲ್ಲಿ ಅರ್ಧ ಹೆಜ್ಜೆ ಸರಿದರೂ ಕೆಲವೊಮ್ಮೆ ಮಾತು ತಿಳಿಯಾಗುತ್ತದೆ.

ಬಟನ್ ಒತ್ತಿದ ಕೂಡಲೇ ಸ್ಕ್ರೀನ್ ಮಂಕಾದರೆ ಅಥವಾ ಸೆಟ್ ಆಫ್ ಆದರೆ ಬ್ಯಾಟರಿ ಇಳಿದಿದೆ. ಕೇಳುವುದಕ್ಕೆ ಸಾಕಾಗುವ ಚಾರ್ಜ್ ಹೇಳುವುದಕ್ಕೆ ಸಾಲುವುದಿಲ್ಲ. ಒತ್ತಿದರೆ ಬರೀ ಬೀಪ್ ಬಂದು ಸೆಟ್ ಕಳಿಸಲು ಒಪ್ಪದಿದ್ದರೆ, ಚಾನೆಲ್ ಬಿಜಿ ಇದ್ದಾಗ ತಡೆಯುವ ಲಾಕ್ ಆನ್ ಆಗಿರಬಹುದು.

ಪರೀಕ್ಷೆಗೆ ಅಂತ ಒಂದೇ ಕೋಣೆಯಲ್ಲಿ ಎರಡು ಸೆಟ್ ಹಿಡಿದು ನಿಂತರೆ ಮೋಸ ಹೋಗುತ್ತೀರಿ. ಪಕ್ಕದ ಸೆಟ್‌ನ ಜೋರಿಗೆ ಇನ್ನೊಂದರ ಕಿವಿ ಮುಚ್ಚಿಹೋಗುತ್ತದೆ. ದೂರ ಇರುವ ಗೆಳೆಯರನ್ನು ಕೇಳಿ.

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಮೊದಲಿದ್ದುದನ್ನು ಬರೆದಿಟ್ಟುಕೊಳ್ಳಿ. ಅದೇ ಜಾಗದಲ್ಲಿ, ಚೆನ್ನಾಗಿರುವ ಇನ್ನೊಂದು ಸೆಟ್ ಕೂಡ ಸೋತರೆ, ಆಗ ರಿಪೀಟರ್ ನೋಡಿಕೊಳ್ಳುವವರಿಗೆ ತಿಳಿಸಿ. "ಕೆಲಸ ಮಾಡ್ತಿಲ್ಲ" ಅಂದರೆ ಅವರಿಗೆ ಏನೂ ತಿಳಿಯದು. ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವ ಟೋನ್‌ನಲ್ಲಿ ಕರೆದಿರಿ ಅನ್ನುವುದನ್ನು ಹೇಳಿ.